ಸ್ಟುಡಿಯೋ ಅಕ್ಕನ ಗೋಂದು

ಹೊದಿಕೆ ತೆಗೆದವನು ನಾನೇ. ಆ ಮಗುವಿನ ಎರಡು ತೋರುಬೆರಳುಗಳನ್ನು ಮೊದಲು ನೋಡಿದವನೂ ನಾನೇ. ಮೂರು ವರ್ಷವಾಯಿತು, ಈಗಲೂ ಒಂದು ಮಗುವಿನ ಮೇಲಿನ ಹೊದಿಕೆಯ ಅಂಚು ಹಿಡಿದರೆ ನನ್ನ ಕಣ್ಣು ಮೊದಲು ಬೆರಳುಗಳನ್ನೇ ಹುಡುಕುತ್ತದೆ. ಆದರೆ ಅದನ್ನು ಹೇಳುವ ಮೊದಲು ಸ್ಟುಡಿಯೋ ಅಕ್ಕ ಯಾರೆಂದು ಹೇಳಿಬಿಡಬೇಕು. ಇಲ್ಲದಿದ್ದರೆ ನೀವು ಅವರಿಗೆ ಹಿಡಿಶಾಪ ಹಾಕುತ್ತೀರಿ. ಹಾಕುವುದೇ ಆದರೆ ಅರ್ಧ ನನಗೂ ಹಾಕಿ, ಅದಕ್ಕೆ ನಾನು ಬಾಧ್ಯಸ್ಥ.

ನಾನು ಎಂಆರ್‌ಐ ಸ್ಕ್ಯಾನ್ ವಿಭಾಗದ ಟೆಕ್ನಿಷಿಯನ್. ಹದಿನೆಂಟು ವರ್ಷಗಳಿಂದ ಒಂದೇ ಗಾಜಿನ ಕಿಟಕಿಯ ಈಚೆ ಕೂತು ಆಚೆ ಮಲಗಿದವರನ್ನು ನೋಡುತ್ತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಹೆಂಡತಿ ಅದಕ್ಕೆ ಸೊಪ್ಪು ಹಾಕುವುದಿಲ್ಲ, ಹಾಗಾಗಿ ಪೂರ್ತಿ ಕೋಪ ಆಸ್ಪತ್ರೆಗೇ ಮೀಸಲು. ಅಲ್ಲಿ ನನ್ನ ಕೋಪಕ್ಕೆ ಗುರಿಯಾಗುತ್ತಿದ್ದದ್ದು ಒಂದೇ ವಿಷಯ, ಅಲುಗಾಟ.

ಜನ ತಿಳಿದುಕೊಂಡಿರುವ ಹಾಗೆ ಆ ಯಂತ್ರ ಒಂದು ಸಲ ಕ್ಲಿಕ್ ಅಂದು ಚಿತ್ರ ತೆಗೆಯುವುದಿಲ್ಲ. ಒಂದೊಂದು ಚಿತ್ರದ ಕಂತೆಯನ್ನೂ ನಾಲ್ಕೈದು ನಿಮಿಷ ಸದ್ದು ಮಾಡಿಕೊಂಡು ಚೂರು ಚೂರಾಗಿ ಕೂಡಿಸುತ್ತದೆ. ಅಂಥ ಏಳೆಂಟು ಕಂತೆ ಬೇಕು. ನಾಲ್ಕನೆಯ ನಿಮಿಷದಲ್ಲಿ ಮಗು ಮೂಗು ಕೆರೆದುಕೊಂಡರೆ ಹಿಂದಿನ ಮೂರು ನಿಮಿಷವೂ ಹಾಳು. ಬೆನ್ನೆಲುಬಿನ ಪಕ್ಕ ಇನ್ನೊಂದು ಬೆನ್ನೆಲುಬಿನ ನೆರಳು ಬೀಳುತ್ತದೆ, ಒದ್ದೆ ಶಾಯಿಯ ಮೇಲೆ ಕೈ ಎಳೆದ ಹಾಗೆ. ಅದರಲ್ಲಿ ಗಂಟು ಯಾವುದು, ನೆರಳು ಯಾವುದು ಎಂದು ಎಂಥ ಡಾಕ್ಟರಿಗೂ ಹೇಳಲಾಗುವುದಿಲ್ಲ. ದೊಡ್ಡವರಿಗೆ ಬೈದು ಹೇಳಬಹುದು. ಮಕ್ಕಳಿಗೆ? ಅರಿವಳಿಕೆ ಕೊಟ್ಟು ಮಲಗಿಸುವುದು. ಅದಕ್ಕೆ ಬೇರೆ ಡಾಕ್ಟರು, ಬೇರೆ ದಿನ, ಮೂರು ವಾರ ಕಾಯುವುದು, ಪುಟ್ಟ ಎದೆಗೂಡಿನ ಮೇಲೆ ಬೇರೆಯೇ ಅಪಾಯ.

ಇಂಥ ಜಾಗಕ್ಕೆ ಅಕ್ಕ ಆಯಾ ಆಗಿ ಬಂದರು. ಆಗ ಅವರಿಗೆ ನಲವತ್ತೈದು ದಾಟಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ತಮ್ಮ ಅಣ್ಣನ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದವರು. ಅಣ್ಣ ಕ್ಯಾಮೆರಾದ ಹಿಂದೆ, ಇವರು ಕ್ಯಾಮೆರಾದ ಪಕ್ಕ. ಮೂರು ತಿಂಗಳ ಕೂಸಿನಿಂದ ಹಿಡಿದು ಶಾಲೆಗೆ ಸೇರುವ ಮಕ್ಕಳವರೆಗೆ ಎಲ್ಲರನ್ನೂ ದೊಡ್ಡ ದೊಡ್ಡ ದೀಪಗಳ ಮುಂದೆ ಅಲ್ಲಾಡದಂತೆ ಕೂರಿಸುವುದೇ ಇವರ ಕಸುಬು. ಮದುವೆಯೂ ಆಗಿತ್ತಂತೆ, ಗಂಡ ಮೂರೇ ವರ್ಷಕ್ಕೆ ತೀರಿಕೊಂಡ, ಮಕ್ಕಳಾಗಲಿಲ್ಲ. “ಈ ಊರಿನ ಅರ್ಧ ಜನ ಚಿಕ್ಕವರಿದ್ದಾಗ ನನ್ನ ಮಾತು ಕೇಳಿ ಸುಮ್ನೆ ಕೂತಿದ್ದಾರೆ ಸಾರ್. ಈಗ ದೊಡ್ಡವರಾಗಿ ಯಾರ ಮಾತೂ ಕೇಳಲ್ಲ ಅಷ್ಟೇ,” ಎನ್ನುತ್ತಿದ್ದರು. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅದೇ ಜಾಗದಲ್ಲಿ ಚಪ್ಪಲಿ ಅಂಗಡಿ ಬಂತು. ಅಕ್ಕ ನಮ್ಮಲ್ಲಿಗೆ ಬಂದರು.

ಮೊದಲ ದಿನವೇ ನನ್ನ ಜೀವ ಬಾಯಿಗೆ ಬಂದಿತ್ತು. ಆ ಯಂತ್ರ ದೈತ್ಯ ಅಯಸ್ಕಾಂತ, ಲೋಹದ ಚೂರೂ ಒಳಗೆ ಹೋಗಬಾರದು ಎಂದು ಹತ್ತು ಸಲ ಹೇಳಿ, ಬಳೆ ಸರ ಎಲ್ಲ ತೆಗೆಸಿ ಒಳಗೆ ಬಿಟ್ಟರೆ, ಅವರ ತಲೆಗಂಟಿನಿಂದ ಕಬ್ಬಿಣದ ಪಿನ್ನೊಂದು ಸರ್ರನೆ ಹಾರಿ ನನ್ನ ಕಿವಿಯ ಪಕ್ಕದಲ್ಲೇ ಹೋಗಿ ಯಂತ್ರಕ್ಕೆ ಟಣ್ ಎಂದು ಅಂಟಿಕೊಂಡಿತು. ನಾನು ಕಿರುಚಾಡಿದೆ. ಮಲಗಿದವರ ಕಣ್ಣಿಗೆ ಬಿದ್ದಿದ್ದರೆ ಗತಿಯೇನು ಎಂದು ಕೂಗಿದೆ. ಅಕ್ಕ ಬಿಚ್ಚಿದ ಕೂದಲು ಹಿಡಿದುಕೊಂಡು ಬೆಪ್ಪಾಗಿ ನಿಂತರು. ಆಮೇಲೆ, “ಅಲ್ಲ ಸಾರ್, ನಮ್ಮ ಸ್ಟುಡಿಯೋದಲ್ಲಿ ಫೋಟೋಗೆ ಮುಂಚೆ ತಲೆ ಬಾಚ್ತಿದ್ವಿ. ಇದು ಕೆದರುತ್ತಲ್ಲ!” ಎಂದರು. ಕಿಟಕಿಯಾಚೆ ನರ್ಸಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಎರಡು ವಾರ ಕಳೆದಿರಬೇಕು. ಐದು ವರ್ಷದ ಕೂಸೊಂದು ತಲೆಯ ಸ್ಕ್ಯಾನಿಗೆ ಬಂದು ಕೋಣೆ ಹಾರಿಹೋಗುವ ಹಾಗೆ ಅರಚುತ್ತಿತ್ತು. ನಾನು ಅರಿವಳಿಕೆಯ ಚೀಟಿ ಬರೆಯತೊಡಗಿದ್ದೆ. ಅಕ್ಕ ಬಂದು, “ಸಾರ್, ಇದೂ ಫೋಟೋನೇ ತಾನೆ? ನನಗೆ ಹತ್ತು ನಿಮಿಷ ಕೊಡಿ,” ಎಂದರು. ಕೊಡದೆ ಏನು ಮಾಡಲಿ, ನನಗೂ ತಲೆ ಚಿಟ್ಟು ಹಿಡಿದಿತ್ತು. ಅಕ್ಕ ನೆಲದ ಮೇಲೆ ಕೂತು, ಕಾಣದ ಶೀಶೆಯೊಂದರ ಮುಚ್ಚಳ ತೆಗೆದಂತೆ ಮಾಡಿ, ಕೂಸಿನ ಒಂದು ತೋರುಬೆರಳಿನ ತುದಿಗೆ ಏನೋ ಸವರಿದರು. ಇನ್ನೊಂದಕ್ಕೂ ಸವರಿದರು. “ಇದು ಗೋಂದು. ಈಗ ಎರಡೂ ಬೆರಳು ಒಂದಕ್ಕೊಂದು ಅಂಟಿಸಿ ಹೊಟ್ಟೆ ಮೇಲೆ ಇಟ್ಕೋ. ನಾನು ಬಂದು ಬಿಡಿಸೋ ತನಕ ಬಿಡಬಾರದು. ಬಿಟ್ರೆ ಗೋಂದು ಹರಿದುಹೋಗುತ್ತೆ.” ಕೂಸು ಅಳು ನಿಲ್ಲಿಸಿ ತನ್ನ ಬೆರಳು ನೋಡಿಕೊಂಡಿತು. ಅದರ ಧ್ಯಾನವೆಲ್ಲ ಆ ತುದಿಗೆ ಹೋಗಿ ಕೂತಿತು. ಅರ್ಧ ಗಂಟೆ ಎಳ್ಳಷ್ಟೂ ಅಲುಗಲಿಲ್ಲ! ನಾನು ಬಾಯಿ ಬಿಟ್ಟುಕೊಂಡು ಪರದೆ ನೋಡುತ್ತಿದ್ದೆ.

ಅಲ್ಲಿಂದ ಮುಂದೆ ಅಕ್ಕನ ದರ್ಬಾರು. ನೀರು ತುಂಬುವ ನೀಲಿ ಡ್ರಮ್ಮೊಂದನ್ನು ತಳ ಕೊಯ್ಯಿಸಿ, ಅಡ್ಡ ಮಲಗಿಸಿ, ಒಳಗೆ ಹಲಗೆ ಹಾಕಿ ಮೆತ್ತೆ ಹಾಸಿ, ಕಾರಿಡಾರಿನ ಮೂಲೆಯಲ್ಲಿ ತಮ್ಮದೇ ಯಂತ್ರ ಮಾಡಿಕೊಂಡರು. ನಮ್ಮ ಯಂತ್ರದ ಸದ್ದನ್ನು ಫೋನಿನಲ್ಲಿ ಹಿಡಿದುಕೊಟ್ಟೆ. ಅವುಗಳಿಗೆಲ್ಲ ಅಕ್ಕ ಹೆಸರಿಟ್ಟರು. ಟಕ್ ಟಕ್ ಎನ್ನುವುದು ಬಡಗಿ, ಡುರ್ರ್ ಎನ್ನುವುದು ಕೆಟ್ಟುನಿಂತ ಬೈಕು, ಕ್ವಾಂಕ್ ಕ್ವಾಂಕ್ ಎನ್ನುವುದು ಬಾತುಕೋಳಿಯ ಜಗಳ. ಮಕ್ಕಳು ಮೊದಲು ಡ್ರಮ್ಮಿನಲ್ಲಿ ಮಲಗಿ ಅಭ್ಯಾಸ ಮಾಡಿ ಆಮೇಲೆ ಒಳಗೆ ಬರುತ್ತಿದ್ದರು. ಒಂದೇ ವರ್ಷದಲ್ಲಿ ಅರಿವಳಿಕೆ ಬೇಕಾಗುವ ಮಕ್ಕಳು ಅರ್ಧಕ್ಕಿಂತ ಕಡಿಮೆಯಾದರು. ನಮ್ಮ ದೊಡ್ಡ ಡಾಕ್ಟರು ಬೇರೆ ಆಸ್ಪತ್ರೆಯವರನ್ನು ಕರೆಸಿ ಡ್ರಮ್ಮು ತೋರಿಸಿದರು. ನನಗೂ ಕೊಂಬು ಬಂತು. ಚೆನ್ನಾಗಿ ಬಂದ ಚಿತ್ರಗಳನ್ನು ಗೋಡೆಗೆ ಅಂಟಿಸತೊಡಗಿದೆ.

ಈಗ ನನ್ನ ಪಾಲಿನದನ್ನು ಹೇಳುತ್ತೇನೆ, ಕೇಳಿ.

ಒಂದೊಂದು ಕಂತೆಯ ನಡುವೆ ಮೈಕಿನಲ್ಲಿ “ಹೇಗಿದ್ದೀಯ ಪುಟ್ಟಾ?” ಎಂದು ಕೇಳುವುದು ನಮ್ಮ ಕೆಲಸದ ನಿಯಮ. ಆದರೆ ಮಕ್ಕಳನ್ನು ಕೇಳಿದರೆ ಅವು ಬಾಯಲ್ಲಿ ಉತ್ತರ ಕೊಡುವುದಿಲ್ಲ, ತಲೆ ಆಡಿಸುತ್ತವೆ. ತಲೆ ಆಡಿಸಿದರೆ ಮಲಗಿದ ಜಾಗ ತಪ್ಪುತ್ತದೆ, ಎಲ್ಲ ಮೊದಲಿನಿಂದ ಆಗಬೇಕು. ಹಾಗಾಗಿ ನಾನು ಕೇಳುವುದನ್ನೇ ಬಿಟ್ಟೆ. ತೊಂದರೆಯಾದರೆ ಒತ್ತಲೆಂದು ಕೈಗೆ ಒಂದು ರಬ್ಬರಿನ ಬುರುಡೆ ಕೊಡುತ್ತೇವೆ, ಒತ್ತಿದರೆ ಈಚೆ ನನಗೆ ಗಂಟೆ ಬಾರಿಸುತ್ತದೆ. ಗೋಂದು ಅಂಟಿಸಿದ ಕೈಯಲ್ಲಿ ಅದನ್ನು ಹಿಡಿಯುವುದು ಹೇಗೆ? ಸುಮ್ಮನೆ ಪಕ್ಕದಲ್ಲಿ ಇಡುತ್ತಿದ್ದೆ.

ಇನ್ನೂ ಒಂದಿದೆ. ಆ ಯಂತ್ರದ ಒಳಗೆ ಮೈಗೆ ಮೈ ತಾಗಿ ಸುತ್ತು ಆಗಬಾರದು ಎಂದು ನಾನು ಓದುವಾಗಲೇ ಕಲಿತಿದ್ದೆ. ಎರಡು ಕೈ ಸೇರಿದರೆ ತೋಳು, ಎದೆ, ತೋಳು ಎಲ್ಲ ಒಂದು ಬಳೆಯಾಗುತ್ತದೆ. ಅದರಲ್ಲಿ ವಿದ್ಯುತ್ತು ಹರಿಯಬಹುದು, ತಾಗಿದ ಜಾಗ ಚಿಕ್ಕದಾದಷ್ಟೂ ಅಲ್ಲಿ ಬಿಸಿ ಹೆಚ್ಚು. ಮಕ್ಕಳು ಬೆರಳು ಅಂಟಿಸಿಕೊಂಡು ಮಲಗುತ್ತಿದ್ದದ್ದು ನನಗೆ ಗೊತ್ತಿತ್ತು. ಆದರೆ ನಮಗೆ ಬರುತ್ತಿದ್ದ ಮಕ್ಕಳದ್ದೆಲ್ಲ ಹೆಚ್ಚಾಗಿ ತಲೆಯ ಸ್ಕ್ಯಾನು. ಆಗ ಹೊಟ್ಟೆಯ ಮೇಲಿನ ಕೈ ಯಂತ್ರದ ಬಾಯಿಯ ಹತ್ತಿರವೇ ಉಳಿಯುತ್ತದೆ, ಬಿಸಿಯೇರುವುದು ನಡುಭಾಗದಲ್ಲಿ. ಏನೂ ಆಗಿರಲಿಲ್ಲ. ಆಗದೇ ಇದ್ದದ್ದಕ್ಕೆ ಆಗುವುದೇ ಇಲ್ಲ ಎಂದುಕೊಂಡೆ. ಅಕ್ಕನಿಗೆ ಒಂದು ಮಾತು ಹೇಳಲಿಲ್ಲ. ಆಯಾಗೆ ಯಾಕೆ ಇಷ್ಟೆಲ್ಲ ವಿಜ್ಞಾನ ಎಂಬ ಅಹಂಕಾರ. ಹೌದು, ಅಹಂಕಾರವೇ.

ಹೀಗಿರುವಾಗ ಮಿಡತೆ ಬಂದಳು. ಏಳು ವರ್ಷದ ಹುಡುಗಿ, ಒಂದು ಕಡೆ ನಿಲ್ಲುವವಳಲ್ಲ ಎಂದು ಅವಳ ಅಮ್ಮನೇ ಇಟ್ಟ ಅಡ್ಡಹೆಸರು ಅದು. ಅಮ್ಮ ಟೈಲರು, ಕೊರಳಲ್ಲಿ ಅಳತೆ ಪಟ್ಟಿ ಹಾಗೆಯೇ ಇತ್ತು, ತೆಗೆಯಲು ಮರೆತು ಬಂದಿದ್ದರು. ಮಿಡತೆಯ ಬೆನ್ನುಹುರಿಯ ಪಕ್ಕ ಒಂದು ಗಂಟು. ಬೆಳೆಯುತ್ತಿದೆಯೋ ಇಲ್ಲವೋ ನೋಡಬೇಕು, ಬೆಳೆದರೆ ಕೊಯ್ಯಬೇಕು. ಹಿಂದೊಮ್ಮೆ ಬೇರೆ ಕಡೆ ಅರಿವಳಿಕೆ ಕೊಟ್ಟಾಗ ಅವಳ ಉಸಿರು ನಿಂತು, ಎರಡು ದಿನ ಯಂತ್ರದ ಉಸಿರಿನಲ್ಲಿ ಇದ್ದಳಂತೆ. ನಮ್ಮ ಅರಿವಳಿಕೆ ಡಾಕ್ಟರು ಕಾಗದ ಓದಿ, “ಬರೀ ಚಿತ್ರಕ್ಕೋಸ್ಕರ ನಾನು ಈ ಮಗುವನ್ನ ಮಲಗಿಸಲ್ಲಪ್ಪ. ನನಗೆ ಧೈರ್ಯ ಇಲ್ಲ,” ಎಂದು ಕೈಚೆಲ್ಲಿದರು. ಅಂದರೆ ಎಚ್ಚರವಿದ್ದೇ ನಲವತ್ತು ನಿಮಿಷ ಅಲುಗದೆ ಮಲಗಬೇಕು. ಅದೂ ಮಿಡತೆ!

“ನನ್ನ ಮೇಲೆ ಬಿಡಿ,” ಎಂದರು ಅಕ್ಕ.

ಎರಡು ದಿನ ಡ್ರಮ್ಮಿನಲ್ಲಿ ಅಭ್ಯಾಸ ನಡೆಯಿತು. ಮೊದಲ ದಿನ ಮಿಡತೆ ಡ್ರಮ್ಮಿನ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬಂದು ಓಡಿಹೋದಳು. ಎರಡನೆಯ ದಿನ ಅಕ್ಕ ಗೋಂದಿನ ಶೀಶೆ ತೆಗೆದರು. ನಾನು ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದೆ, ಅವರ ಮಾತು ಈಗಲೂ ಕಿವಿಯಲ್ಲಿದೆ. “ನೋಡು ಮಿಡತೆ, ಇದು ಸ್ಪೆಶಲ್ ಗೋಂದು. ಮೂಗು ಕೆರೆದ್ರೂ ಬಿಡಬಾರದು, ಯಾರು ಕರೆದ್ರೂ ಬಿಡಬಾರದು, ಬಿಸಿ ಆದ್ರೂ ಬಿಡಬಾರದು. ಗೊತ್ತಾಯ್ತಾ?” ಬಿಸಿಯ ಮಾತು ಸ್ಟುಡಿಯೋದ ಹಳೆಯ ಅಭ್ಯಾಸ. ಅಲ್ಲಿ ಆ ದೊಡ್ಡ ದೀಪಗಳ ಕಾವಿಗೆ ಮಕ್ಕಳು ಮುಖ ತಿರುಗಿಸುತ್ತಿದ್ದರಂತೆ. ಮೂವತ್ತು ವರ್ಷ ಹೇಳಿದ ಮಾತು, ಬಾಯಿಗೆ ತಾನಾಗಿ ಬಂತು.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮಿಡತೆಯನ್ನು ಮಲಗಿಸಿದೆ. ಎರಡೂ ಕೈ ಮೈಯ ಪಕ್ಕಕ್ಕೆ ಇಟ್ಟು, ನಡುವೆ ಮೆತ್ತೆ ಕೊಟ್ಟು, ಹೀಗೇ ಇರಲಿ ಎಂದಷ್ಟೇ ಹೇಳಿ, ಹೊದಿಕೆ ಹೊದಿಸಿದೆ. ಬುರುಡೆ ಪಕ್ಕದಲ್ಲಿಟ್ಟೆ. ಬೆನ್ನಿನ ಸ್ಕ್ಯಾನಾದ್ದರಿಂದ ಅವಳು ಪೂರ್ತಿ ಒಳಗೆ ಹೋಗಬೇಕು, ಕೈಯೂ ಒಳಗೇ. ಬಾಗಿಲು ಮುಚ್ಚಿ ಈಚೆ ಬಂದೆ. ನಾನು ಬೆನ್ನು ತಿರುಗಿಸಿದ ಮೇಲೆ ಅವಳು ಹೊದಿಕೆಯ ಕೆಳಗೆ ಕೈ ಹೊಟ್ಟೆಯ ಮೇಲೆ ತಂದು ಬೆರಳು ಅಂಟಿಸಿಕೊಂಡಿದ್ದಳು. ಅಕ್ಕ ಹೇಳಿದ ಹಾಗೆ.

ಮೊದಲ ಕಂತೆ ಬಂತು. ಕನ್ನಡಿಯಷ್ಟು ಸ್ವಚ್ಛ. ಎರಡನೆಯದು, ಮೂರನೆಯದು. ಒಂದೊಂದು ನರವನ್ನೂ ಎಣಿಸಬಹುದಿತ್ತು. ನಾನು ಹಿಗ್ಗಿ ದೊಡ್ಡ ಡಾಕ್ಟರಿಗೆ ಫೋನು ಮಾಡಿ, “ಬನ್ನಿ ಸರ್, ಎಚ್ಚರ ಇರೋ ಮಗು ಅಂದ್ರೆ ನೀವು ನಂಬಲ್ಲ,” ಎಂದೆ. ಅವರು ಬಂದು ನನ್ನ ಬೆನ್ನು ತಟ್ಟಿದರು. ಅಕ್ಕ ಕಿಟಕಿಗೆ ಮೂಗು ಒತ್ತಿಕೊಂಡು ನಿಂತು, “ನಮ್ಮ ಅಣ್ಣ ಇದನ್ನ ನೋಡಬೇಕಿತ್ತು,” ಎಂದರು. ನಲವತ್ತೆರಡು ನಿಮಿಷ. ಒಂದೇ ಒಂದು ಸಲವೂ ನಾನು ಮೈಕು ಒತ್ತಲಿಲ್ಲ.

ಒಳಗೆ ಹೋದೆ. ಹಲಗೆ ಹೊರಗೆ ಎಳೆದೆ. ಹೊದಿಕೆ ತೆಗೆದೆ.

ಬೆರಳುಗಳು ಇನ್ನೂ ಅಂಟಿಕೊಂಡೇ ಇದ್ದವು. ಎರಡರ ತುದಿಯೂ ಬೆಳ್ಳಗಾಗಿ, ಸುತ್ತ ಕೆಂಪಾಗಿ, ಬಲಗೈಯದು ಬೊಬ್ಬೆಯಾಗಿ ಉಬ್ಬಿತ್ತು. ಕಣ್ಣಿನ ಎರಡೂ ಕಡೆಯಿಂದ ನೀರು ಇಳಿದು ಕಿವಿಯೊಳಗೆ ಹೋಗಿ ಕೂದಲೆಲ್ಲ ತೊಯ್ದಿತ್ತು. ಅಳುವಾಗಲೂ ಆ ಮಗು ಅಲುಗಿರಲಿಲ್ಲ! ಮೇಲೆ ನೋಡಿ, ಸಣ್ಣ ದನಿಯಲ್ಲಿ, “ಅಂಕಲ್, ಈಗ ಗೋಂದು ಬಿಡ್ಲಾ?” ಎಂದು ಕೇಳಿದಳು.

ನರ್ಸಮ್ಮ ಓಡಿಬಂದು ಮಗುವನ್ನು ಎತ್ತಿಕೊಂಡು ಹೋಗಿ ನಲ್ಲಿಯ ತಣ್ಣೀರಿಗೆ ಕೈ ಹಿಡಿಸಿದಳು. ಅಲ್ಲಿ ನಿಂತು ನಾನು ಕೇಳಿದ್ದೇನು ಗೊತ್ತೇ? “ಯಾಕೆ ಪುಟ್ಟಾ ಕೂಗ್ಲಿಲ್ಲ?” ನಾಚಿಕೆಗೆಟ್ಟವನು ನಾನು, ಮಗುವನ್ನೇ ಕೇಳಿದೆ.

“ಬಿಸಿ ಆದ್ರೂ ಬಿಡಬಾರದು ಅಂತ ಅಕ್ಕ ಹೇಳಿದ್ರಲ್ಲ,” ಎಂದಳು ಬಿಕ್ಕುತ್ತ. “ಬಿಟ್ರೆ ಫೋಟೋ ಕೆಡುತ್ತೆ. ಕೆಟ್ರೆ ಅಮ್ಮ ಅಳ್ತಾಳೆ.”

ಅಕ್ಕ ಬಾಗಿಲಲ್ಲಿ ನಿಂತಿದ್ದರು. ಗರ ಬಡಿದವರ ಹಾಗೆ ತಮ್ಮ ಎರಡು ತೋರುಬೆರಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು. ಅಮ್ಮ ಒಳಗೆ ಬಂದರು. ಕಿರುಚುತ್ತಾರೆ, ಹೊಡೆಯುತ್ತಾರೆ, ಹೊಡೆದರೆ ಹೊಡೆಯಲಿ ಎಂದು ಕಾದೆ. ಅವರು ಮಗುವಿನ ಕೈ ತಿರುಗಿಸಿ ತಿರುಗಿಸಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಚಿತ್ರ ಚೆನ್ನಾಗಿ ಬಂತಾ?” ಎಂದರು. ಆ ಪ್ರಶ್ನೆಗೆ ನನಗೆ ತಲೆ ಎತ್ತಲಾಗಲಿಲ್ಲ. ಚಿತ್ರ ಚೆನ್ನಾಗಿ ಬಂದಿತ್ತು.

ಮಧ್ಯಾಹ್ನ ಅವಘಡದ ವರದಿ ಬರೆಯಬೇಕಿತ್ತು. ಕಾರಣ ಎಂಬ ಕಡೆ ನಾನು ಬರೆದೆ, ‘ಟೆಕ್ನಿಷಿಯನ್ ಇಟ್ಟ ಜಾಗದಲ್ಲಿ ರೋಗಿ ಕೈ ಇಟ್ಟುಕೊಳ್ಳಲಿಲ್ಲ. ರೋಗಿ ಸೂಚನೆ ಪಾಲಿಸಲಿಲ್ಲ.’ ಬರೆದದ್ದು ಸುಳ್ಳೂ ಅಲ್ಲ ನೋಡಿ, ಅದೇ ಅದರ ಹೊಲಸು. ಅಕ್ಕ ಮೇಜು ಒರೆಸಲು ಬಂದವರು ಅದನ್ನು ಓದಿದರು. ಬಟ್ಟೆ ಕೈಯಲ್ಲೇ ಉಳಿಯಿತು.

“ಪಾಲಿಸಲಿಲ್ಲ ಅಂತ ಬರೆದ್ರಾ ಸಾರ್?” ಎಂದರು. “ಪಾಲಿಸಿದ್ದಕ್ಕೇ ಅಲ್ವಾ ಮಗು ಸುಟ್ಟುಕೊಂಡಿದ್ದು?”

“ಹಾಗಾದ್ರೆ ಏನು ಬರೀಲಿ? ನಿಮ್ಮ ಹೆಸರು ಬರೀಲಾ?” ಎಂದು ಹರಿಹಾಯ್ದೆ.

“ಬರೀರಿ. ನಾನೇ ಹೇಳಿಕೊಟ್ಟಿದ್ದು. ಆದ್ರೆ ಕೈಗೆ ಕೈ ತಾಗಿದ್ರೆ ಸುಡುತ್ತೆ ಅಂತ ನೀವು ನನಗೆ ಯಾವತ್ತಾದ್ರೂ ಹೇಳಿದ್ರಾ?”

ನಾನು ಆ ಹಾಳೆ ಹರಿದೆ. ಇನ್ನೊಂದು ತೆಗೆದುಕೊಂಡು ಎಲ್ಲ ಬರೆದೆ, ಮೈಕು ಒತ್ತದೇ ಇದ್ದದ್ದನ್ನೂ, ಬುರುಡೆ ಪಕ್ಕದಲ್ಲಿಟ್ಟದ್ದನ್ನೂ, ಗೊತ್ತಿದ್ದೂ ಹೇಳದೇ ಇದ್ದದ್ದನ್ನೂ. ಅಕ್ಕ ಎದುರಿಗೇ ನಿಂತಿದ್ದರು. ಮುಗಿಸಿದ ಮೇಲೆ, “ಸಾರ್, ನನ್ನನ್ನ ಅದರೊಳಗೆ ಮಲಗಿಸಿ. ಬೆರಳು ಅಂಟಿಸ್ಕೊಂಡು ಮಲಗ್ತೀನಿ. ಅದೇ ಓಡಿಸಿ, ಅಷ್ಟೇ ಹೊತ್ತು,” ಎಂದರು.

“ತಲೆ ಕೆಟ್ಟಿದೆಯಾ ನಿಮಗೆ?”

“ಎಷ್ಟು ಉರೀತು ಅಂತ ನನಗೆ ಗೊತ್ತಾಗಬೇಕು. ಒಂದು ಮಗು ಅದನ್ನ ತಡ್ಕೊಂಡಿದೆ. ನನ್ನ ಮಾತು ನಂಬಿ ತಡ್ಕೊಂಡಿದೆ.”

ನಾನು ಬೈದು ಕಳಿಸಿದೆ. ಬೈಯುವುದು ಬಿಟ್ಟು ಇನ್ನೇನು ಬರುತ್ತದೆ ನನಗೆ? ಮರುದಿನ ಬಂದು ನೋಡಿದರೆ ಡ್ರಮ್ಮು ಕಾರಿಡಾರಿನಲ್ಲಿ ಇರಲಿಲ್ಲ. ಅಕ್ಕ ತಾವೇ ಕೇಳಿಕೊಂಡು ಬಟ್ಟೆ ಕೋಣೆಗೆ ಹೋಗಿದ್ದರು, ಹೊದಿಕೆ ಎಣಿಸಿ ಮಡಿಸುವ ಕೆಲಸಕ್ಕೆ. ನನ್ನ ವಿರುದ್ಧ ವಿಚಾರಣೆ ನಡೆಯಿತು, ಎರಡು ತಿಂಗಳು ಇನ್ನೊಬ್ಬ ಟೆಕ್ನಿಷಿಯನ್ ನನ್ನ ಪಕ್ಕ ಕೂತು ಕಾವಲು ಕಾದ. ಗೋಡೆಯ ಚಿತ್ರಗಳನ್ನೆಲ್ಲ ಕಿತ್ತು ಹಾಕಿದೆ.

ಆ ದಿನಗಳಲ್ಲಿ ನಾನು ತಲೆತಗ್ಗಿಸಿ ಓದಿದೆ. ನಮ್ಮ ಯಂತ್ರದಲ್ಲೇ ಇನ್ನೊಂದು ಬಗೆಯ ಅಳತೆ ಇತ್ತು. ಅದು ಪ್ರತಿ ಸಲವೂ ಚಿತ್ರದ ನಡುವಿನಿಂದಲೇ ಹೊಸದಾಗಿ ಅಳೆಯುತ್ತ ಹೋಗುತ್ತದೆ, ಮಗು ಸ್ವಲ್ಪ ಅಲುಗಿದರೂ ಲೆಕ್ಕ ಹಾಕಿ ಸರಿಮಾಡಿಕೊಳ್ಳುತ್ತದೆ. ಚಿತ್ರ ಅಷ್ಟು ನುಣುಪಾಗಿ ಬರುವುದಿಲ್ಲ, ಹೊತ್ತೂ ಕೊಂಚ ಹೆಚ್ಚು. ಅದಕ್ಕೇ ನಾನು ಆ ಗುಂಡಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಯಂತ್ರ ಸಹಿಸಿಕೊಳ್ಳಬಹುದಾದ ಅಲುಗಾಟವನ್ನು ನಾನು ಏಳು ವರ್ಷದ ಮಗುವಿನ ಮೇಲೆ ಹೊರಿಸಿದ್ದೆ. ಉದ್ದದ ಕಂತೆಗಳನ್ನು ಎರಡೆರಡು ನಿಮಿಷಕ್ಕೆ ತುಂಡರಿಸಿದೆ. ನಡುವೆ ಪ್ರತಿ ಸಲ ಕೇಳತೊಡಗಿದೆ. ತಲೆ ಆಡಿಸಿದರೆ ಆಡಿಸಲಿ, ಮತ್ತೆ ತೆಗೆಯೋಣ.

ನಾಲ್ಕು ತಿಂಗಳ ಮೇಲೆ ಪಟ್ಟಿಯಲ್ಲಿ ಮಿಡತೆಯ ಸರದಿ ಬಂತು. ಗಂಟು ಬೆಳೆದಿದೆಯೇ ಎಂದು ನೋಡಲೇಬೇಕಿತ್ತು. ಅರಿವಳಿಕೆಯ ಮಾತೇ ಇಲ್ಲ. ಅವಳು ಈ ಕೋಣೆಗೆ ಯಾಕಾದರೂ ಬರುತ್ತಾಳೆ, ಬಂದರೂ ಯಾಕೆ ಮಲಗುತ್ತಾಳೆ ಎಂದು ಬೆಳಿಗ್ಗೆಯಿಂದ ಒದ್ದಾಡಿದೆ. ಬಂದಳು. ಬೆರಳು ಮಾಗಿತ್ತು, ಬಲಗೈಯ ತುದಿಯಲ್ಲಿ ಮಾತ್ರ ಗುಂಡಿಯಷ್ಟು ನುಣ್ಣನೆಯ ಕಲೆ. ಬಂದವಳೇ ಕಾರಿಡಾರಿನ ಮೂಲೆ ನೋಡಿ, “ಆ ಅಕ್ಕ ಎಲ್ಲಿ?” ಎಂದಳು.

ನಾನು ಕಣ್ಣು ಕಣ್ಣು ಬಿಟ್ಟೆ. “ಯಾಕಮ್ಮ?”

“ಅವರು ಇಲ್ದೆ ಇದ್ರೆ ನಾನು ಹೋಗಲ್ಲ.”

ಅವಳಮ್ಮ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, “ಒಂದು ವಾರದಿಂದ ಇದೇ ಹಟ. ನನಗೂ ಅರ್ಥ ಆಗ್ತಿಲ್ಲ. ಕರೀರಿ,” ಎಂದರು.

ಬಟ್ಟೆ ಕೋಣೆಗೆ ಓಡಿದೆ. ಅಕ್ಕ ಹೊದಿಕೆಗಳ ರಾಶಿಯ ಹಿಂದೆ ಇದ್ದರು. ಹೇಳಿದ್ದು ಕೇಳಿ ಒಂದು ಹೆಜ್ಜೆ ಹಿಂದೆ ಸರಿದರು. “ಆಗಲ್ಲ ಸಾರ್. ಇನ್ನೊಂದು ಮಗುವಿಗೆ ಅಲ್ಲಾಡಬೇಡ ಅಂತ ನನ್ನ ಬಾಯಿ ಹೇಳಲ್ಲ.”

“ಹೇಳಬೇಡಿ. ಕೂಗು ಅಂತ ಹೇಳಿಕೊಡಿ. ಈ ಸಲ ಅಷ್ಟೇ ಬೇಕಾಗಿರೋದು.” ನನ್ನ ದನಿ ಏರಿತ್ತು, ಆದರೆ ಅದು ಕೋಪವಲ್ಲ. “ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ.”

ಅಕ್ಕ ಕೈಯಲ್ಲಿದ್ದ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ರಾಶಿಯ ಮೇಲಿಟ್ಟರು. ತಲೆಗಂಟಿಗೆ ಕೈ ಹಾಕಿ ಪಿನ್ನುಗಳನ್ನೆಲ್ಲ ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಹಿಂದೆ ಬಂದರು.

ಉಗ್ರಾಣದಿಂದ ಡ್ರಮ್ಮು ಹೊರಬಂತು. ಮಿಡತೆ ಒಳಗೆ ಮಲಗಿದಳು. ಅಕ್ಕ ಅವಳ ಬಲಗೈ ತಮ್ಮ ಕೈಯಲ್ಲಿ ಹಿಡಿದು ಆ ಕಲೆಯನ್ನು ನೋಡಿದರು. “ತಪ್ಪಾಯ್ತು ಪುಟ್ಟಾ,” ಎಂದರು, “ನಾನು ಹೇಳಿದ್ದು ತಪ್ಪು. ಬಿಸಿ ಆದ್ರೆ ಬಿಡಬೇಕು. ಕೂಗಬೇಕು.” ಆಮೇಲೆ ಆ ಕೈಯೊಳಗೆ ರಬ್ಬರಿನ ಬುರುಡೆ ಇಟ್ಟರು. “ಈಗ ಹೊಸ ಆಟ. ನಾನು ಕಾರಿಡಾರಿನ ಆ ತುದಿಗೆ ಹೋಗ್ತೀನಿ. ನೀನು ಒತ್ತು. ನಾನು ಎಷ್ಟು ಬೇಗ ಬರ್ತೀನಿ ಎಣಿಸು.” ಮಿಡತೆ ಒತ್ತಿದಳು. ಅಕ್ಕ, “ಬಂದೆ ಬಂದೆ!” ಎನ್ನುತ್ತ ಬಿಚ್ಚಿದ ಕೂದಲಲ್ಲೇ ಓಡಿಬಂದರು. ಮತ್ತೆ ಒತ್ತಿದಳು. ಮತ್ತೆ ಓಡಿಬಂದರು. ಹನ್ನೊಂದು ಸಲ. ಕೊನೆಗೆ ಅಕ್ಕನಿಗೆ ಏದುಸಿರು, ಮಿಡತೆಗೆ ನಗು ತಡೆಯಲಾಗದೆ ಡ್ರಮ್ಮೇ ಉರುಳುವಂತಿತ್ತು. ಇದು ಅಲುಗದಂತೆ ಮಲಗಿಸುವ ತಯಾರಿಯೋ ಅಥವಾ ಕುಣಿಸುವುದೋ ಎಂದು ನನಗೆ ಗಾಬರಿ.

ಒಳಗೆ ಮಲಗಿಸಿದೆ. ಕೈಗಳನ್ನು ಮೈಯ ಪಕ್ಕಕ್ಕಿಟ್ಟು, ಎರಡೂ ಕೈಗೆ ದಪ್ಪ ಬಟ್ಟೆಯ ಚೀಲ ತೊಡಿಸಿ, ಬುರುಡೆಯನ್ನು ಬಲಗೈಯ ಚೀಲದೊಳಗೇ ಹಿಡಿಸಿದೆ. ಹೊದಿಕೆ ಹೊದಿಸಲಿಲ್ಲ. ಮೊದಲ ಕಂತೆ ಮುಗಿಯಿತು. “ಹೇಗಿದ್ದೀಯ ಪುಟ್ಟಾ?” ತಲೆ ಆಡಿಸಿದಳು, ಪರವಾಗಿಲ್ಲ. ಎರಡನೆಯದು ಶುರುವಾಗಿ ಒಂದೂವರೆ ನಿಮಿಷ ಆಗಿರಬೇಕು.

ಗಂಟೆ ಬಾರಿಸಿತು.

ಯಂತ್ರ ನಿಲ್ಲಿಸಿ ಬಾಗಿಲು ತಳ್ಳಿಕೊಂಡು ಓಡಿದೆ. ನನಗಿಂತ ಮುಂದೆ ಅಕ್ಕ ಓಡುತ್ತಿದ್ದರು. ಹಲಗೆ ಎಳೆದೆವು. ಕೈ ನೋಡಿದೆ, ಚೀಲ ಕಿತ್ತು ಬೆರಳು ನೋಡಿದೆ, ಕಾಲು ನೋಡಿದೆ. “ಎಲ್ಲಿ ಬಿಸಿ? ಎಲ್ಲಿ ಉರೀತಿದೆ? ಹೇಳು ಪುಟ್ಟಾ, ಎಲ್ಲಿ?” ಅಕ್ಕ ಅವಳ ಇನ್ನೊಂದು ಕೈಯ ಚೀಲ ಬಿಚ್ಚುತ್ತಿದ್ದರು.

ಮಿಡತೆ ನಮ್ಮಿಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು.

“ಎಲ್ಲೂ ಇಲ್ಲ,” ಎಂದಳು. “ನಿಜವಾಗ್ಲೂ ಬರ್ತೀರಾ ಇಲ್ವಾ ಅಂತ ನೋಡ್ದೆ.”

ಕೋಪ ಎಂದಿನಂತೆ ಮೂಗಿನ ತುದಿಗೆ ಬಂತು. ಅಲ್ಲೇ ನಿಂತಿತು. ಆಮೇಲೆ ಅದು ಎಲ್ಲಿ ಹೋಯಿತೋ, ನಾನು ಆ ಹಲಗೆಯ ಪಕ್ಕ ನೆಲದ ಮೇಲೆ ಕುಸಿದು ಕೂತೆ. ಅಕ್ಕ ಮಗುವಿನ ಹಣೆಯ ಮೇಲೆ ಕೈ ಇಟ್ಟು, “ಬಂದ್ವಲ್ಲ ಪುಟ್ಟಾ,” ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು.

“ಹೂಂ. ಬಂದ್ರಿ. ಈಗ ಹೋಗಿ, ನಾನು ಸುಮ್ನೆ ಮಲಗ್ತೀನಿ.”

ನಾನು ಹೊರಗೆ ಬಂದೆ. ಅಕ್ಕ ಬರಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು, ಮರದ ಸ್ಟೂಲು ಹಾಕಿಕೊಂಡು, ಕಾಲುಚೀಲದ ಮೇಲಿಂದ ಮಿಡತೆಯ ಪಾದ ಹಿಡಿದು ಒಳಗೇ ಕೂತರು. ಬಡಗಿ ಬಂದ, ಕೆಟ್ಟ ಬೈಕು ಬಂತು, ಬಾತುಕೋಳಿಗಳು ಜಗಳವಾಡಿದವು. ಮಿಡತೆ ಆಗೊಮ್ಮೆ ಈಗೊಮ್ಮೆ ಕೊಂಚ ಅಲುಗಿದಳು. ಯಂತ್ರ ಅದನ್ನು ಸರಿಮಾಡಿಕೊಂಡಿತು. ಅಕ್ಕ ಮಾತ್ರ ಆ ಐವತ್ತು ನಿಮಿಷ ಕೂತ ಭಂಗಿಯಿಂದ ಕದಲಲಿಲ್ಲ. ಚಿತ್ರಗಳು ಹಿಂದಿನಷ್ಟು ಸ್ವಚ್ಛವಾಗಿ ಬರಲಿಲ್ಲ, ಅಂಚುಗಳು ಸ್ವಲ್ಪ ಮಬ್ಬು. ಆದರೆ ದೊಡ್ಡ ಡಾಕ್ಟರು ಎರಡು ಸಲ ಅಳೆದು ನೋಡಿ, ಗಂಟು ಕೂದಲೆಳೆಯಷ್ಟೂ ಬೆಳೆದಿಲ್ಲ ಎಂದರು. ಮಿಡತೆಯ ಅಮ್ಮ ಅದನ್ನು ಕೇಳಿ ಕಾರಿಡಾರಿನ ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತರು, ನಾಲ್ಕು ತಿಂಗಳ ಹಿಂದೆ ಅಳದೇ ಉಳಿಸಿಕೊಂಡಿದ್ದನ್ನೂ ಸೇರಿಸಿ.

ಹೋಗುವಾಗ ಮಿಡತೆ ಬಾಗಿಲ ತನಕ ಓಡಿ, ಏನೋ ನೆನಪಾದವಳಂತೆ ವಾಪಸು ಓಡಿಬಂದಳು.

“ಅಕ್ಕಾ, ಮುಂದಿನ ಸಲ ಎರಡು ಸಲ ಒತ್ತಲಾ?”

“ಹತ್ತು ಸಲ ಒತ್ತು,” ಎಂದರು ಅಕ್ಕ.